ಹಳೇ ತೋಟಾ ಎಲ್ಲಿ ಸೋತಿತು, ಮೊದಲು ಅದನ್ನು ಹೇಳಿ

ಫೋನಿನಲ್ಲಿ ಕೋವಿಯ ಒಂದು ವಿಡಿಯೋ ನೋಡಿದರೆ ಸಾಕು, ಬೆನ್ನಿಗೇ ಇನ್ನೂ ಹತ್ತು ಬಂದು ಕೂರುತ್ತವೆ. ಹೆಚ್ಚಿನವು ಅಮೆರಿಕದವು. ಒಬ್ಬಾತ ತನ್ನ ಶೆಡ್ಡಿನಲ್ಲಿ ಮೇಜಿನ ಮುಂದೆ ಕೂತು, ಯಾವ ಅಂಗಡಿಯಲ್ಲೂ ಸಿಗದ ತೋಟಾ ಒಂದನ್ನು ಎತ್ತಿ ತೋರಿಸುತ್ತಾನೆ. "ಇದು ನನ್ನದೇ ತೋಟಾ, ಎಲ್ಲಕ್ಕಿಂತ ವೇಗದ್ದು" ಎನ್ನುತ್ತಾನೆ. ಕೆಳಗೆ ಸಾವಿರಾರು ಲೈಕ್. ಮಲೆನಾಡು, ಕೊಡಗಿನ ಕಡೆಯ ಹುಡುಗರೂ ಇದನ್ನು ನೋಡುತ್ತಾರೆ. ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮವರೂ ನೋಡುತ್ತಾರೆ.

ಇಂಥ ತೋಟಾಗಳಿಗೆ ಅಲ್ಲಿ ವೈಲ್ಡ್‌ಕ್ಯಾಟ್ ಅಂತ ಹೆಸರು, ಅಂದರೆ ಕಾಡುಬೆಕ್ಕು. ಯಾವ ಕಾರ್ಖಾನೆಯೂ ಸಾಕದ, ಯಾರ ಪಟ್ಟಿಯಲ್ಲೂ ಇಲ್ಲದ ತೋಟಾ. ಅದಕ್ಕೆ ಬೇಕಾದ ಹಿತ್ತಾಳೆ ಕೇಸನ್ನು ಕೋವಿಯ ಒಳಗೇ ಸುಟ್ಟು ಆಕಾರಕ್ಕೆ ತರುವ ಕೆಲಸಕ್ಕೆ ಫೈರ್‌ಫಾರ್ಮಿಂಗ್ ಅಂತ ಹೆಸರು.

ನಾವು ಹೇಳುವುದು ಇಷ್ಟೇ. ಹೊಸ ತೋಟಾ ಬೇಕು ಅನ್ನುವವನು ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಹಳೇ ತೋಟಾ ಯಾವ ಕೆಲಸದಲ್ಲಿ ಸೋತಿತು? ಉತ್ತರ ಇದ್ದವರ ಕಾಡುಬೆಕ್ಕುಗಳು ಬದುಕಿವೆ, ಊರ ಬೆಕ್ಕುಗಳಾಗಿ ಮನೆ ಮನೆ ಸೇರಿವೆ. ಉತ್ತರ ಇಲ್ಲದವರದ್ದು ಬರೀ ಜಂಬ. ಆ ಜಂಬದ ಬೆಲೆಯನ್ನು ನಳಿಗೆ ಕೊಡುತ್ತದೆ, ಜೇಬು ಕೊಡುತ್ತದೆ, ಕೆಲವು ಸಲ ಕಣ್ಣು, ಬೆರಳು ಕೊಡಬೇಕಾಗುತ್ತದೆ.

ಮೊದಲು ವಸ್ತು ಏನೆಂದು ನೋಡೋಣ

ರೈಫಲ್ ತೋಟಾದಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಹೊಟ್ಟೆಯೊಳಗೆ ಮದ್ದು, ಬಾಯಲ್ಲಿ ಗುಂಡು. ಕೇಸ್ ನೋಡಲು ಬಾಟಲಿಯ ಹಾಗಿರುತ್ತದೆ: ದಪ್ಪ ಮೈ, ಇಳಿಜಾರಿನ ಭುಜ, ಸಣ್ಣ ಕತ್ತು. ಆ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು.

ಕಾಡುಬೆಕ್ಕು ಮಾಡುವವರು ಕೇಸನ್ನು ಮೊದಲಿಂದ ತಯಾರಿಸುವುದಿಲ್ಲ. ಅಂಗಡಿಯಲ್ಲಿ ಸಿಗುವ ಒಂದು ಕೇಸನ್ನು ತಾಯಿಯಾಗಿ ಆರಿಸಿಕೊಳ್ಳುತ್ತಾರೆ. ಅದರ ಕತ್ತನ್ನು ಅಚ್ಚಿನಲ್ಲಿ ಒತ್ತಿ ಸಣ್ಣ ಮಾಡುತ್ತಾರೆ, ಇಲ್ಲವೇ ಹಿಗ್ಗಿಸುತ್ತಾರೆ. ಭುಜವನ್ನು ಹಿಂದಕ್ಕೋ ಮುಂದಕ್ಕೋ ಸರಿಸುತ್ತಾರೆ. ರೈಫಲ್ಲಿನಲ್ಲಿ ತೋಟಾ ಕೂರುವ ಕೋಣೆಯನ್ನು, ಅಂದರೆ ಚೇಂಬರನ್ನು, ಅದೇ ಆಕಾರಕ್ಕೆ ಕೊರೆಸುತ್ತಾರೆ.

ಅಮೆರಿಕದಲ್ಲಿ ತೋಟಾಗಳ ಅಳತೆ, ಒತ್ತಡ ನಿಗದಿ ಮಾಡಲು 1926ರಲ್ಲಿ ಶುರುವಾದ ಸಾಮಿ ಎಂಬ ಉದ್ಯಮ ಸಂಸ್ಥೆ ಇದೆ. ಅದರ ಪಟ್ಟಿಗೆ ಸೇರಿದ ತೋಟಾವನ್ನು ಯಾವ ಕಂಪನಿ ಮಾಡಿದರೂ ಆ ಹೆಸರಿನ ಯಾವ ಕೋವಿಯಲ್ಲೂ ಕೂರುತ್ತದೆ. ಕಾಡುಬೆಕ್ಕಿಗೆ ಆ ಭರವಸೆ ಇಲ್ಲ. ಅದರ ಅಳತೆಗೆ ಮಾಡಿದವನೇ ಜವಾಬ್ದಾರ.

ಗೆದ್ದವರು ಏಕೆ ಗೆದ್ದರು

ಕಾಡುಬೆಕ್ಕು ಮಾಡಿದವರೆಲ್ಲ ತಲೆಕೆಟ್ಟವರು ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವವರು ಇತಿಹಾಸ ಓದಿಲ್ಲ. ಇವತ್ತು ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಎಷ್ಟೋ ತೋಟಾಗಳು ಯಾರದ್ದೋ ಸಣ್ಣ ಕಾರ್ಯಾಗಾರದಲ್ಲಿ ಹುಟ್ಟಿದವು. ಕಂಪನಿಗಳು ಹತ್ತಾರು ವರ್ಷ ಸುಮ್ಮನಿದ್ದು, ಜನ ಮೆಚ್ಚಿದ ಮೇಲೆ ತಮ್ಮ ಹೆಸರು ಅಂಟಿಸಿಕೊಂಡವು.

.25-06 ತೋಟಾ ನೋಡಿ. ಅಮೆರಿಕ ಸೇನೆಯ 1906ರ .30-06 ಕೇಸಿನ ಕತ್ತು ಸಣ್ಣ ಮಾಡಿ, ಕೋವಿ ಕುಶಲಕರ್ಮಿ ಎ. ಓ. ನೀಡ್ನರ್ 1920ರ ಹೊತ್ತಿಗೆ ಮಾಡಿದ್ದು. ಬಯಲಿನಲ್ಲಿ ದೂರ ನಿಂತ ಜಿಂಕೆಗೆ ಹಗುರ ಗುಂಡು, ನೇರ ಹಾದಿ ಬೇಕಿತ್ತು. ಆದರೆ ಅಷ್ಟು ದೊಡ್ಡ ಹೊಟ್ಟೆಗೆ ತಕ್ಕ ನಿಧಾನ ಉರಿಯುವ ಮದ್ದು ಆಗ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯ ಮಿಕ್ಕ ಮದ್ದು ಮಾರುಕಟ್ಟೆಗೆ ಬಂತು, ತೋಟಾಗೆ ಜೀವ ಬಂತು. ರೆಮಿಂಗ್ಟನ್ ಕಂಪನಿ ಅದನ್ನು ತನ್ನ ಪಟ್ಟಿಗೆ ಸೇರಿಸಿದ್ದು 1969ರಲ್ಲಿ. ಸುಮಾರು ಅರ್ಧ ಶತಮಾನ ಅದು ಕಾಡುಬೆಕ್ಕಾಗಿಯೇ ಇತ್ತು.

.22-250 ಇನ್ನೊಂದು. ಅಲ್ಲಿನ ಹುಲ್ಲುಗಾವಲಿನಲ್ಲಿ ಬಿಲ ತೋಡುವ ವುಡ್‌ಚಕ್ ಎಂಬ ದಂಶಕ ಇದೆ, ನಮ್ಮ ಹೆಗ್ಗಣದ ದೊಡ್ಡಣ್ಣ. ಸಣ್ಣ .22 ಗುಂಡು ಅಷ್ಟು ದೂರ ಮುಟ್ಟುತ್ತಿರಲಿಲ್ಲ. 1915ರ .250 ಸ್ಯಾವೇಜ್ ಕೇಸಿನ ಕತ್ತನ್ನು .22ಕ್ಕೆ ಇಳಿಸಿ 1930ರ ದಶಕದಲ್ಲಿ ಹಲವರು ಇದನ್ನು ಬೆಳೆಸಿದರು. ಬ್ರೌನಿಂಗ್ ಕಂಪನಿ 1963ರಲ್ಲಿ, ಅದಿನ್ನೂ ಕಾಡುಬೆಕ್ಕಾಗಿರುವಾಗಲೇ, ಅದಕ್ಕೆ ರೈಫಲ್ ಮಾಡಿತು. ರೆಮಿಂಗ್ಟನ್ 1965ರಲ್ಲಿ ತೋಟಾ ತಯಾರಿಸಿತು.

.257 ರಾಬರ್ಟ್ಸ್ ಹುಟ್ಟಿದ್ದು 7 ಮಿ.ಮೀ. ಮೌಸರ್ ಕೇಸಿನಿಂದ, ನೆಡ್ ರಾಬರ್ಟ್ಸ್ ಅವರ ಕೈಯಲ್ಲಿ. 1934ರಲ್ಲಿ ರೆಮಿಂಗ್ಟನ್ ಮಾರಾಟಕ್ಕಿಟ್ಟಿತು. 1922ರ .35 ವೀಲೆನ್‌ಗೆ ಇದ್ದ ಪ್ರಶ್ನೆ ಇನ್ನೂ ಸ್ಪಷ್ಟ: ಕರಡಿ, ಎಲ್ಕ್‌ನಂಥ ದೊಡ್ಡ ಪ್ರಾಣಿಗೆ ದಪ್ಪ ಗುಂಡು ಬೇಕು, ಆದರೆ ದೊಡ್ಡ ತೋಟಾ ನುಂಗುವ ದುಬಾರಿ ರೈಫಲ್ ಕೊಳ್ಳಲು ಕಾಸಿಲ್ಲ. ಸಾಮಾನ್ಯ .30-06 ರೈಫಲ್ಲಿಗೆ ನಳಿಗೆ ಒಂದನ್ನು ಬದಲಿಸಿದರೆ ಸಾಕು ಎಂಬ ಉತ್ತರ ಸಿಕ್ಕಿತು. ಇದು ಬಡವನ ಲೆಕ್ಕಾಚಾರ, ಜಂಬ ಅಲ್ಲ.

6 ಎಂಎಂ ಪಿಪಿಸಿ ಬೇಟೆಗೆ ಹುಟ್ಟಿದ್ದೇ ಅಲ್ಲ. ಮೇಜಿನ ಮೇಲೆ ಕೋವಿ ಇಟ್ಟು, ಹೊಡೆದ ಗುಂಡೆಲ್ಲ ಒಂದೇ ತೂತಿನಲ್ಲಿ ಹೋಗಬೇಕೆಂಬ ಸ್ಪರ್ಧೆಯೊಂದು ಅಲ್ಲಿದೆ. ವೈದ್ಯರಾಗಿದ್ದ ಲೂ ಪಾಮಿಸಾನೊ ಮತ್ತು ಕುಶಲಕರ್ಮಿ ಫೆರಿಸ್ ಪಿಂಡೆಲ್ 1970ರ ದಶಕದ ಮಧ್ಯದಲ್ಲಿ .220 ರಷ್ಯನ್ ಎಂಬ ಗಿಡ್ಡ ಕೇಸನ್ನು ಹಿಗ್ಗಿಸಿ, ಚೇಂಬರಿನಲ್ಲಿ ಸುಟ್ಟು ಆಕಾರಕ್ಕೆ ತಂದರು. ವೇಗಕ್ಕಲ್ಲ, ಗುರಿಗೆ. ಆ ಸ್ಪರ್ಧೆಯ ಮೈದಾನವನ್ನೇ ಅದು ಆಳಿತು.

ಇವರೆಲ್ಲರಲ್ಲೂ ಒಂದು ಸಾಮ್ಯ ಇದೆ. ಹಳೇ ತೋಟಾ ಎಲ್ಲಿ ಸೋತಿತು ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಬಲ್ಲವರಾಗಿದ್ದರು. ತಾಯಿ ಕೇಸ್ ಸುಲಭವಾಗಿ ಸಿಗುವಂಥದ್ದನ್ನೇ ಆರಿಸಿಕೊಂಡರು.

ಸೋತವರು ಏಕೆ ಸೋತರು

ಈಗ ಇನ್ನೊಂದು ತುದಿ. ಪಿ. ಓ. ಆಕ್ಲಿ ಎಂಬ ಹೆಸರು ಈ ಲೋಕದಲ್ಲಿ ದೊಡ್ಡದು. 1903ರಿಂದ 1989ರವರೆಗೆ ಬದುಕಿದ ಕುಶಲಕರ್ಮಿ, ಕೊಲೊರಾಡೊದ ಟ್ರಿನಿಡಾಡ್ ಕಾಲೇಜಿನಲ್ಲಿ ಕೋವಿ ಕೆಲಸ ಕಲಿಸಿದವರು. ಅವರು ಒಮ್ಮೆ ದೊಡ್ಡ .378 ವೆದರ್‌ಬಿ ಮ್ಯಾಗ್ನಮ್ ಕೇಸಿಗೆ ಪುಟ್ಟ .22 ಗುಂಡು ಕೂರಿಸಿದರು. ಗುರಿ ಸೆಕೆಂಡಿಗೆ 5,000 ಅಡಿ ವೇಗ ದಾಟುವುದು, ಬೇರೇನಲ್ಲ. ಮುಟ್ಟಿದ್ದು 4,600 ಅಡಿ. ಅದಕ್ಕೆ ಇಟ್ಟ ಹೆಸರೇ ತಮಾಷೆಯದು: ಈಯರ್‌ಗೆಸ್‌ಪ್ಲಿಟನ್ ಲೌಡೆನ್‌ಬೂಮರ್, ಅಂದರೆ ಕಿವಿ ಹರಿಯುವ ಢಮಾರು. ಆಕ್ಲಿಗೆ ಅದು ತಮಾಷೆ ಎಂದು ಗೊತ್ತಿತ್ತು, ಹೆಸರಿನಲ್ಲೇ ಹೇಳಿಬಿಟ್ಟರು. ಇವತ್ತಿನ ವಿಡಿಯೋ ಗುರುಗಳು ಅದೇ ಕೆಲಸವನ್ನು ಮುಖ ಗಂಟಿಕ್ಕಿಕೊಂಡು ಮಾಡುತ್ತಿದ್ದಾರೆ.

ಲೆಕ್ಕ ಹಾಕೋಣ. ತೋಟಾ ತುಂಬುವವರಲ್ಲಿ ಒಂದು ಅಂದಾಜು ಸೂತ್ರ ಇದೆ: ಅದೇ ಒತ್ತಡದಲ್ಲಿ ಕೇಸಿನ ಹೊಟ್ಟೆ ನೂರಕ್ಕೆ 4 ಹೆಚ್ಚಿದರೆ ವೇಗ ನೂರಕ್ಕೆ 1 ಹೆಚ್ಚುತ್ತದೆ. ಹೊಟ್ಟೆಯನ್ನು ನೂರಕ್ಕೆ 8 ಹಿಗ್ಗಿಸಿದಿರಿ ಅಂದುಕೊಳ್ಳಿ. ಸೆಕೆಂಡಿಗೆ 850 ಮೀಟರ್ ಹೋಗುತ್ತಿದ್ದ ಗುಂಡು ಈಗ 867 ಮೀಟರ್ ಹೋಗುತ್ತದೆ. 300 ಮೀಟರ್ ದೂರದಲ್ಲಿ ಅದು ಬೀಳುವ ಎತ್ತರದಲ್ಲಿ ಬರುವ ವ್ಯತ್ಯಾಸ ಎರಡು ಮೂರು ಸೆಂಟಿಮೀಟರ್. ಎರಡು ಬೆರಳಿನ ಅಗಲ. ಅಷ್ಟು ದೂರದಲ್ಲಿ ಗಾಳಿ ಒಂದು ಸಲ ಬೀಸಿದರೆ ಗುಂಡು ಇದಕ್ಕಿಂತ ಹೆಚ್ಚು ಸರಿಯುತ್ತದೆ. ಹೊಡೆಯುವವನ ಉಸಿರು ಇದಕ್ಕಿಂತ ಹೆಚ್ಚು ಅಲುಗಿಸುತ್ತದೆ.

ಆ ಎರಡು ಬೆರಳಿಗೆ ಎಷ್ಟು ಖರ್ಚು? ಚೇಂಬರ್ ಕೊರೆಯುವ ಉಳಿ ಬೇರೆ ಮಾಡಿಸಬೇಕು. ಕೇಸ್ ಒತ್ತುವ ಅಚ್ಚು ಬೇರೆ. ಕೊರೆಯುವವನ ಕೂಲಿ ಬೇರೆ. ಎಲ್ಲ ನೂರಾರು ಡಾಲರ್ ಲೆಕ್ಕ. ಅದೇ ಹಣಕ್ಕೆ ಅಂಗಡಿ ತೋಟಾ ತಂದು ಅಭ್ಯಾಸ ಮಾಡಿದ್ದರೆ ಗುರಿ ಎರಡು ಬೆರಳಲ್ಲ, ಒಂದು ಗೇಣು ಸುಧಾರಿಸುತ್ತಿತ್ತು.

ನಳಿಗೆಯ ಆಯಸ್ಸು ಇನ್ನೊಂದು ಖರ್ಚು. ದೊಡ್ಡ ಹೊಟ್ಟೆ, ಸಣ್ಣ ಬಾಯಿ ಇದ್ದಷ್ಟೂ ಬಿಸಿ ಅನಿಲ ನಳಿಗೆಯ ಗಂಟಲನ್ನು ಸುಡುತ್ತದೆ. .308ನಂಥ ಸಾಧು ತೋಟಾದ ನಳಿಗೆ ಹಲವು ಸಾವಿರ ಗುಂಡು ತಾಳುತ್ತದೆ. ಅತಿ ವೇಗದವು ಸಾವಿರದ ಆಸುಪಾಸಿಗೇ ಗಂಟಲು ಕಳೆದುಕೊಳ್ಳುತ್ತವೆ. ಅದರಲ್ಲಿ ನೂರು ಗುಂಡು ಬರೀ ಕೇಸ್ ರೂಪಿಸಲು ಹೋದರೆ ಹತ್ತರಲ್ಲಿ ಒಂದು ಪಾಲು ಆಯಸ್ಸು ಶುರುವಿಗೇ ಮುಗಿಯಿತು.

ಬೆಂಕಿಯಲ್ಲಿ ರೂಪಿಸುವುದು ಎಂದರೆ

ಈಗ ಫೈರ್‌ಫಾರ್ಮಿಂಗ್ ವಿಷಯ. ವಿಡಿಯೋಗಳಲ್ಲಿ ಇದು ಜಾದೂ ಥರ ಕಾಣುತ್ತದೆ. ಇಳಿಜಾರು ಭುಜದ ಕೇಸ್ ಒಳಗೆ ಹೋಗುತ್ತದೆ, ಢಮ್ ಅಂದ ಮೇಲೆ ಚೂಪು ಭುಜದ ಕೇಸ್ ಹೊರಗೆ ಬರುತ್ತದೆ.

ಇದರಲ್ಲಿ ಜಾದೂ ಇಲ್ಲ. ಮದ್ದು ಉರಿದಾಗ .30-06ನಂಥ ತೋಟಾದೊಳಗೆ ಒತ್ತಡ 60,000 ಪಿಎಸ್‌ಐವರೆಗೂ ಏರುತ್ತದೆ. ನಿಮ್ಮ ಬೈಕ್ ಟೈರಿಗೆ ಹೊಡೆಸುವುದು ಸುಮಾರು 30 ಪಿಎಸ್‌ಐ. ಅಂದರೆ ಎರಡು ಸಾವಿರ ಟೈರಿನ ಒತ್ತಡ. ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ, ಒತ್ತಡ ಇಳಿದ ಮೇಲೆ ಕೂದಲೆಳೆಯಷ್ಟು ಕುಗ್ಗಿ ಬಿಡಿಸಿಕೊಳ್ಳುತ್ತದೆ. ಎಲ್ಲ ತೋಟಾದಲ್ಲೂ ಹೀಗೇ ಆಗುತ್ತದೆ. ಫೈರ್‌ಫಾರ್ಮಿಂಗಿನಲ್ಲಿ ಅದೇ ಉಬ್ಬನ್ನು ಹೆಚ್ಚು ದೂರಕ್ಕೆ ಎಳೆಯುತ್ತಾರೆ, ಅಷ್ಟೇ.

ಅಪಾಯ ಇರುವುದು ಕೇಸ್ ಚೇಂಬರಿನಲ್ಲಿ ಸಡಿಲವಾಗಿ ಕೂತಾಗ. ಹಿಂದೆ ಬೋಲ್ಟ್, ಮುಂದೆ ಭುಜ, ಇವೆರಡರ ನಡುವೆ ಕೇಸ್ ಬಿಗಿಯಾಗಿ ನಿಲ್ಲಬೇಕು. ಇದನ್ನು ಹೆಡ್‌ಸ್ಪೇಸ್ ಎನ್ನುತ್ತಾರೆ. ಸಡಿಲ ಇದ್ದರೆ ಏನಾಗುತ್ತದೆ ನೋಡಿ. ಪಿನ್ನು ಹೊಡೆದ ಏಟಿಗೆ ಕೇಸ್ ಮುಂದೆ ಜಾರುತ್ತದೆ. ಒತ್ತಡ ಏರಿದಾಗ ತೆಳುವಾದ ಮುಂಭಾಗ ಗೋಡೆಗೆ ಕಚ್ಚಿಕೊಳ್ಳುತ್ತದೆ. ದಪ್ಪ ತಳ ಹಿಂದಕ್ಕೆ ಬೋಲ್ಟಿನ ಕಡೆ ಓಡುತ್ತದೆ. ಮಧ್ಯದ ಹಿತ್ತಾಳೆ ಎಳೆದು ತೆಳುವಾಗುತ್ತದೆ. ಹೊರಗೆ ತಳದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಾಣುತ್ತದೆ. ಆಗಲೂ ಅದನ್ನು ಎಸೆಯದೆ ಮತ್ತೆ ತುಂಬಿ ಹೊಡೆದರೆ ಕೇಸ್ ಅಲ್ಲೇ ಎರಡಾಗುತ್ತದೆ. ಆ ಬಿಸಿ ಅನಿಲಕ್ಕೆ ಹಿಂದೆ ದಾರಿ ಸಿಕ್ಕರೆ ಅಲ್ಲಿರುವುದು ಹೊಡೆಯುವವನ ಮುಖ.

ಬಲ್ಲವರು ಇದಕ್ಕೆ ಮದ್ದು ಕಂಡುಕೊಂಡಿದ್ದಾರೆ. ಆಕ್ಲಿ ಅವರ 'ಇಂಪ್ರೂವ್ಡ್' ತೋಟಾಗಳ ಜಾಣತನ ಇರುವುದೇ ಇಲ್ಲಿ. ಅವುಗಳ ಚೇಂಬರಿನಲ್ಲಿ ಭುಜ ಚೂಪಾಗಿ 40 ಡಿಗ್ರಿ ಇರುತ್ತದೆ. ಆದರೆ ಕತ್ತು ಮತ್ತು ಭುಜ ಸೇರುವ ಜಾಗವನ್ನು ಮಾಮೂಲಿ ಅಳತೆಗಿಂತ ಇಂಚಿನ ಸಾವಿರದಲ್ಲಿ ನಾಲ್ಕು ಪಾಲು ಗಿಡ್ಡ ಇಡುತ್ತಾರೆ. ಅಂಗಡಿಯ ಮಾಮೂಲಿ ತೋಟಾ ಹಾಕಿದರೆ ಆ ಜಾಗದಲ್ಲಿ ಒತ್ತಿ ಹಿಡಿಯುತ್ತದೆ, ಅಲುಗುವುದಿಲ್ಲ. ಹೊಡೆದರೆ ಹೊಸ ಆಕಾರ ಬರುತ್ತದೆ. ಹೊಸ ಕೇಸ್ ಮುಗಿದು ಹೋದರೂ ಹಳೇ ತೋಟಾ ಹಾಕಿ ಕೆಲಸ ನಡೆಸಬಹುದು. .280 ಆಕ್ಲಿ ಇಂಪ್ರೂವ್ಡ್ ಹೀಗೆ ದಶಕಗಟ್ಟಲೆ ಬದುಕಿತು. ಕೊನೆಗೆ ನಾಸ್ಲರ್ ಕಂಪನಿ 2007ರ ಹೊತ್ತಿಗೆ ಅದನ್ನು ಸಾಮಿ ಪಟ್ಟಿಗೆ ಸೇರಿಸಿತು.

ಬೇರೆ ಕಾಡುಬೆಕ್ಕುಗಳಲ್ಲಿ ಈ ಅನುಕೂಲ ಇಲ್ಲ. ಭುಜ ದೂರ ಇದ್ದರೆ ಮೊದಲು ಕತ್ತನ್ನು ಹಿಗ್ಗಿಸಿ, ಮತ್ತೆ ಭಾಗಶಃ ಇಳಿಸಿ, ನಡುವೆ ಒಂದು ಸುಳ್ಳು ಭುಜ ಬಿಡಬೇಕು. ಕೇಸ್ ಅದರ ಮೇಲೆ ನಿಲ್ಲುತ್ತದೆ. ಇನ್ನೊಂದು ದಾರಿಯಲ್ಲಿ ಗುಂಡೇ ಇಲ್ಲ. ಸ್ವಲ್ಪ ಮದ್ದಿನ ಮೇಲೆ ಗೋಧಿ ರವೆ ತುಂಬಿ ಹೊಡೆಯುತ್ತಾರೆ. ಹೌದು, ನಮ್ಮ ಉಪ್ಪಿಟ್ಟಿನಂಥದೇ ರವೆ. ವಿಡಿಯೋದಲ್ಲಿ ಇದು ನಗು ತರಿಸುತ್ತದೆ. ಆದರೆ ರವೆ ಬಿಗಿದು ಕೂತರೆ ಅದೂ ಗುಂಡೇ. ಅಳತೆ ಬಲ್ಲವನ ಕೈಯಲ್ಲಿ ಅದು ವಿಧಾನ, ಬಲ್ಲದವನ ಕೈಯಲ್ಲಿ ಅನಾಹುತ.

ಹಿತ್ತಾಳೆಗೆ ನೆನಪಿದೆ

ಹಿತ್ತಾಳೆಯ ಸ್ವಭಾವ ನಮ್ಮ ಕಂಚುಗಾರರಿಗೆ ಚೆನ್ನಾಗಿ ಗೊತ್ತು. ಬಡಿದಷ್ಟೂ ಅದು ಗಡುಸಾಗುತ್ತದೆ. ಗಡುಸಾದದ್ದನ್ನು ಕಾಯಿಸಿ ಮೆದು ಮಾಡದೆ ಮತ್ತೆ ಬಡಿದರೆ ಚೊಂಬು ಸೀಳುತ್ತದೆ. ತೋಟಾದ ಕೇಸೂ ಹಾಗೇ. ಕತ್ತು ಒತ್ತಿ, ಹಿಗ್ಗಿಸಿ, ಸುಟ್ಟು, ಮತ್ತೆ ಒತ್ತಿದರೆ ಸೀಳು ಬಿಡುತ್ತದೆ. ಅದಕ್ಕೇ ಕತ್ತು ಮತ್ತು ಭುಜವನ್ನು ಹದವಾಗಿ ಕಾಯಿಸುತ್ತಾರೆ. ತಳವನ್ನು ಮಾತ್ರ ಎಂದೂ ಕಾಯಿಸಬಾರದು. ತಳ ಮೆದುವಾದರೆ ಒತ್ತಡ ತಡೆಯುವವರೇ ಇಲ್ಲ.

ಈ ಪಾಠವನ್ನು ಲೋಕ ಕಲಿತದ್ದು ನಮ್ಮ ನೆಲದ ಮಳೆಗಾಲದಲ್ಲಿ. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲ ಬಂತೆಂದರೆ ಹಿತ್ತಾಳೆ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಯಾರೂ ಮುಟ್ಟದೆಯೇ ಅವು ಬಿರುಕು ಬಿಡುತ್ತಿದ್ದವು. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ತೇವ, ಕೇಸಿನೊಳಗೆ ಉಳಿದ ಒತ್ತಡ, ಮೂರೂ ಸೇರಿ ಹೀಗಾಗುತ್ತದೆ ಎಂದು ತಿಳಿದದ್ದು 1921ರಲ್ಲಿ. ಹದವಾಗಿ ಕಾಯಿಸಿ ಒಳಗಿನ ಒತ್ತಡ ಇಳಿಸುವುದೇ ಪರಿಹಾರವಾಯಿತು. ಇಂಗ್ಲಿಷಿನಲ್ಲಿ ಈ ಬಿರುಕಿಗೆ ಇಂದಿಗೂ 'ಸೀಸನ್ ಕ್ರ್ಯಾಕಿಂಗ್' ಎಂದೇ ಹೆಸರು. ಆ ಸೀಸನ್ ಎಂದರೆ ನಮ್ಮ ಮಳೆಗಾಲ.

ಅಂದರೆ ಕಾರ್ಖಾನೆಯ ದೊಡ್ಡ ದೊಡ್ಡ ಇಂಜಿನಿಯರುಗಳಿಗೇ ಹಿತ್ತಾಳೆಯ ಗುಟ್ಟು ಸಿಗಲು ದಶಕಗಳು ಬೇಕಾದವು. ಹತ್ತು ನಿಮಿಷದ ವಿಡಿಯೋ ನೋಡಿದವನು ಅದರ ಮೇಲೆ ಎರಡು ಸಾವಿರ ಟೈರಿನ ಒತ್ತಡ ಹಾಕಲು ಹೊರಡುತ್ತಾನೆ ಎಂದರೆ ಅದನ್ನು ಧೈರ್ಯ ಎನ್ನಲು ನಮಗೆ ಮನಸ್ಸಿಲ್ಲ.

ಹೆಸರಿನ ಮೋಸ

ಇನ್ನೊಂದು ವಿಷಯವನ್ನು ವಿಡಿಯೋ ಗುರುಗಳು ಹೇಳುವುದೇ ಇಲ್ಲ. ಕೇಸಿನ ತಳದಲ್ಲಿ ಕಾರ್ಖಾನೆ ಒತ್ತಿದ ಹೆಸರು ಇರುತ್ತದೆ. .30-06 ಕೇಸಿನಿಂದ ನೀವು ಬೇರೇನೋ ಮಾಡಿದರೂ ತಳದಲ್ಲಿ .30-06 ಎಂದೇ ಇರುತ್ತದೆ. ಚೇಂಬರ್ ಬದಲಿಸಿಯೂ ನಳಿಗೆಯ ಮೇಲಿನ ಹಳೇ ಹೆಸರನ್ನು ತಿದ್ದದೆ ಬಿಟ್ಟವರಿದ್ದಾರೆ.

ಮಾಡಿದವನು ಬದುಕಿರುವವರೆಗೆ ತೊಂದರೆ ಇಲ್ಲ, ಅವನಿಗೆ ಗೊತ್ತು. ಅವನು ಸತ್ತ ಮೇಲೆ? ಹೆಂಡತಿ ಮಾರುತ್ತಾಳೆ, ಮಗ ಎತ್ತಿಕೊಳ್ಳುತ್ತಾನೆ, ಯಾರೋ ಅಪರಿಚಿತ ಕೊಳ್ಳುತ್ತಾನೆ. ಒಳಗೆ ಒಂದು, ಹೊರಗೆ ಇನ್ನೊಂದು. ಔಷಧಿ ಬಾಟಲಿಯಲ್ಲಿ ಕೀಟನಾಶಕ ಹಾಕಿಟ್ಟಂತೆ.

ಹೆಸರು ಸರಿಯಾಗಿ ಇದ್ದರೂ ಅನಾಹುತ ಆಗುತ್ತದೆ ಎನ್ನುವುದಕ್ಕೆ .300 ಬ್ಲ್ಯಾಕೌಟ್ ಸಾಕ್ಷಿ. ಅದು .300 ವಿಸ್ಪರ್ ಎಂಬ ಕಾಡುಬೆಕ್ಕಿನ ಮಗಳು, .223 ಕೇಸಿನ ಮೊಮ್ಮಗಳು, 2011ರಲ್ಲಿ ಸಾಮಿ ಪಟ್ಟಿ ಸೇರಿತು. ಎರಡಕ್ಕೂ ಅದೇ ಮ್ಯಾಗಜಿನ್, ಅದೇ ಬೋಲ್ಟ್. ತಪ್ಪಿ .223 ಕೋವಿಯಲ್ಲಿ ಬ್ಲ್ಯಾಕೌಟ್ ತೋಟಾ ಕೂತರೆ ದಪ್ಪ ಗುಂಡು ಸಣ್ಣ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೀಗೆ ಸಿಡಿದು ಹೋದ ರೈಫಲ್ಲುಗಳು ಹಲವು. ಪಟ್ಟಿಯಲ್ಲಿರುವ ತೋಟಾದ ಪಾಡೇ ಇದು. ಪಟ್ಟಿಯಲ್ಲೇ ಇಲ್ಲದ್ದರ ಗತಿ ಯೋಚಿಸಿ.

ಅವರ ವಾದಕ್ಕೆ ನಮ್ಮ ಉತ್ತರ

"ಇದು ನಮ್ಮ ಹವ್ಯಾಸ, ನಿಮಗೇನು?" ಎನ್ನುತ್ತಾರೆ. ಒಪ್ಪಿದೆವು. ಹವ್ಯಾಸ ಎಂದೇ ಹೇಳಿ. ಲೌಡೆನ್‌ಬೂಮರ್ ಎಂದು ಹೆಸರಿಡುವಷ್ಟು ಪ್ರಾಮಾಣಿಕತೆ ಇರಲಿ. ಇದಿಲ್ಲದೆ ಜಿಂಕೆ ಬೀಳುವುದಿಲ್ಲ ಎಂದು ನಂಬಿಸಬೇಡಿ.

"ಇಂಪ್ರೂವ್ಡ್ ಕೇಸ್ ಕಡಿಮೆ ಉದ್ದ ಬೆಳೆಯುತ್ತದೆ, ಪದೇ ಪದೇ ಕತ್ತರಿಸಬೇಕಿಲ್ಲ" ಎನ್ನುತ್ತಾರೆ. ನೆಟ್ಟಗಿನ ಮೈ, ಚೂಪು ಭುಜದ ಕೇಸಿಗೆ ಆ ಗುಣ ಇದೆ. ಇದು ನಿಜವಾದ ಉತ್ತರ. ಇಂಥ ಉತ್ತರ ಇಟ್ಟುಕೊಂಡು ಬಂದವರ ಜೊತೆ ನಮಗೆ ಜಗಳ ಇಲ್ಲ.

"ಕಂಪನಿಗಳು ಮಾಡಿದರೆ ವಿಜ್ಞಾನ, ನಾವು ಮಾಡಿದರೆ ಜಂಬವೇ?" ಎನ್ನುತ್ತಾರೆ. ಇಲ್ಲ, ಕಂಪನಿಗಳ ಜಂಬವೂ ಜಂಬವೇ. 2001ರ ಸುಮಾರಿಗೆ ವಿಂಚೆಸ್ಟರ್ ಮತ್ತು ರೆಮಿಂಗ್ಟನ್ ಪೈಪೋಟಿಗೆ ಬಿದ್ದು ಗಿಡ್ಡ ಮ್ಯಾಗ್ನಮ್ ತೋಟಾಗಳ ಸಂತೆಯನ್ನೇ ಹಾಕಿದವು. 2003ರಲ್ಲಿ ವಿಂಚೆಸ್ಟರ್ ಇನ್ನೂ ಗಿಡ್ಡದ್ದನ್ನು ತಂದಿತು. ಕೆಲವು ಉಳಿದವು, ಹಲವು ಮೂಲೆ ಸೇರಿದವು. ಅವನ್ನು ನಂಬಿ ರೈಫಲ್ ಕೊಂಡವರು ಕೇಸಿಗಾಗಿ ಅಲೆಯುವಂತಾಯಿತು. ಹಳೇ ತೋಟಾ ಎಲ್ಲಿ ಸೋತಿತು ಎಂದು ಆ ಕಂಪನಿಗಳನ್ನೂ ಕೇಳಬೇಕಿತ್ತು.

ಕೇಸ್ ರೂಪಿಸುವ ವಿದ್ಯೆಗೆ ಒಂದು ಗೌರವದ ಜಾಗ ಇದೆ, ಅದನ್ನೂ ಹೇಳಬೇಕು. ಎರಡನೇ ಮಹಾಯುದ್ಧದಿಂದ ಅಮೆರಿಕದ ಸೈನಿಕರು ಜಪಾನಿನ ಅರಿಸಾಕ ರೈಫಲ್ಲುಗಳನ್ನು ಮನೆಗೆ ತಂದರು. ಅದಕ್ಕೆ ಅಲ್ಲಿ ತೋಟಾ ಇಲ್ಲ. .30-06 ಕೇಸನ್ನು ಗಿಡ್ಡ ಮಾಡಿ, ಒತ್ತಿ, ಸುಟ್ಟು 7.7 ಮಿ.ಮೀ. ಅರಿಸಾಕಕ್ಕೆ ಹೊಂದಿಸಿದರು. ಅಲ್ಲಿ ಹಳೇ ತೋಟಾ ಸೋತಿರಲಿಲ್ಲ, ಅಂಗಡಿ ಸೋತಿತ್ತು. ಮೂಲೆಯಲ್ಲಿ ತುಕ್ಕು ಹಿಡಿಯಬೇಕಿದ್ದ ಕೋವಿಗೆ ಮತ್ತೆ ಕೆಲಸ ಸಿಕ್ಕಿತು. ಇದು ವಿದ್ಯೆ.

ನಮ್ಮಲ್ಲಿ ತೋಟಾ ಆರಿಸಿದ್ದು ಸರ್ಕಾರ

ಭಾರತದಲ್ಲಿ ಕಥೆ ಬೇರೆ. ಇಲ್ಲಿ ಯಾವ ತೋಟಾ ಎಂದು ತೀರ್ಮಾನಿಸಿದ್ದು ಬೇಟೆಗಾರನೂ ಅಲ್ಲ, ರೈತನೂ ಅಲ್ಲ. 1907ರ ಹೊತ್ತಿಗೆ ಬ್ರಿಟಿಷ್ ಸರ್ಕಾರ ಭಾರತ ಮತ್ತು ಸುಡಾನ್‌ನಲ್ಲಿ .450 ಬೋರಿನ ತೋಟಾಗಳಿಗೆ ನಿಷೇಧ ಹಾಕಿತು. ಹಳೇ ಮಾರ್ಟಿನಿ ಹೆನ್ರಿ ರೈಫಲ್ಲುಗಳು ಜನರ ಕೈಯಲ್ಲಿದ್ದವು, ದಂಗೆಯೆದ್ದವರಿಗೆ ಆ ಗುಂಡು ಸಿಕ್ಕೀತು ಎಂಬ ಹೆದರಿಕೆ. ಆಗ ಲಂಡನ್ನಿನ ಕೋವಿ ತಯಾರಕರು .470, .465, .475ರಂಥ ಹೊಸ ಅಳತೆಗಳನ್ನು ಮಾಡಿದರು. ಅವರ ಮುಂದಿದ್ದ ಪ್ರಶ್ನೆ ಸ್ಪಷ್ಟ: ಅದೇ ಕೆಲಸ ಮಾಡಬೇಕು, ಅಳತೆ ಮಾತ್ರ ಬೇರೆ ಇರಬೇಕು. ವೇಗದ ಜಂಬ ಅಲ್ಲಿ ಇರಲಿಲ್ಲ.

ಸೇನೆಯ .303 ಕೂಡ ಸಾಮಾನ್ಯರಿಗೆ ನಿಷಿದ್ಧ. ಅದರ ಬದಲಿಗೆ ಬಂದದ್ದು .315, ಆಸ್ಟ್ರಿಯಾದ ಹಳೇ 8 ಮಿ.ಮೀ. ಮಾನ್‌ಲಿಕರ್ ತೋಟಾದ ವಂಶದ್ದು. ಇಷಾಪುರದ ಕಾರ್ಖಾನೆಯ .315 ರೈಫಲ್ ಇಂದಿಗೂ ಲೈಸೆನ್ಸ್ ಇದ್ದವರ ಮನೆಗಳಲ್ಲಿ ಇದೆ.

ಹಾಗಾಗಿ ಊರಿನ ಹುಡುಗರಿಗೆ ನೇರವಾಗಿ ಹೇಳುತ್ತೇವೆ. ಅಮೆರಿಕದಲ್ಲಿ ಶೆಡ್ಡಿನಲ್ಲಿ ಕೂತು ಮಾಡುವುದನ್ನು ಇಲ್ಲಿ ಅಟ್ಟದ ಮೇಲೆ ಕೂತು ಮಾಡಿದರೆ ಅದು ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಕೋವಿ ಇಟ್ಟುಕೊಳ್ಳಲು ಲೈಸೆನ್ಸೋ ವಿನಾಯಿತಿಯೋ ಇರುವುದು ಒಂದು ಮಾತು, ತೋಟಾ ತಯಾರಿಸುವುದು ಇನ್ನೊಂದು ಮಾತು. ಕಾನೂನು ಆಚೆಗಿರಲಿ, ಸರಿಯಾದ ಮದ್ದು, ಗೇಜು, ಅಚ್ಚು ಯಾವುದೂ ಇಲ್ಲದೆ ಖಾಲಿ ಕೇಸಿಗೆ ಪಟಾಕಿ ಮದ್ದು ತುಂಬಿ ನೋಡುವುದು ಕಣ್ಣಿಗೆ ಬೆಲೆ ಕಟ್ಟಿದ ಹಾಗೆ.

ಅಮೆರಿಕದಲ್ಲಿ ಕಾನೂನುಬದ್ಧವಾಗಿ ಈ ಹವ್ಯಾಸಕ್ಕೆ ಇಳಿಯುವ ನಮ್ಮವರಿಗೆ ಬೇರೆ ಮಾತು. ಮೊದಲು ಅಂಗಡಿಯ ತೋಟಾದಲ್ಲೇ ಒಂದು ವರ್ಷ ಹೊಡೆಯಿರಿ. ಅದು ಎಲ್ಲಿ ಸೋತಿತು ಎಂದು ಒಂದು ಸಾಲು ಬರೆಯಿರಿ. ಬರೆಯಲು ಆಗದಿದ್ದರೆ ಅಲ್ಲಿಗೇ ಬಿಡಿ. ಬರೆದಿರಾದರೆ, ತಾಯಿ ಕೇಸ್ ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದನ್ನು ಆರಿಸಿ. ಹಳೇ ತೋಟಾವೂ ಕೂರುವ ಚೇಂಬರ್ ಇರಲಿ. ಕೊರೆಯುವ ಕೆಲಸ ಗೇಜು ಬಲ್ಲವನ ಕೈಯಲ್ಲೇ ಆಗಲಿ. ನಳಿಗೆಯ ಮೇಲೆ ಹೊಸ ಹೆಸರು ಕೆತ್ತಿಸಿ. ಕೇಸಿನ ಡಬ್ಬಿಯ ಮೇಲೂ ಬರೆಯಿರಿ. ಹೊಳೆಯುವ ಉಂಗುರ ಕಂಡ ಕೇಸನ್ನು ಜಜ್ಜಿ ಎಸೆಯಿರಿ.

ವಿಡಿಯೋದವನು ಇನ್ನೊಂದು ತೋಟಾ ಎತ್ತಿ ತೋರಿಸುತ್ತಾನೆ. ಲೈಕ್ ಒತ್ತುವ ಮೊದಲು ಕೆಳಗೆ ಒಂದು ಪ್ರಶ್ನೆ ಬರೆಯಿರಿ, ಕನ್ನಡದಲ್ಲಾದರೂ ಸರಿ, ಅವನ ಭಾಷೆಯಲ್ಲಾದರೂ ಸರಿ: ಹಳೇದು ಎಲ್ಲಿ ಸೋತಿತು ಸ್ವಾಮಿ? ಉತ್ತರ ಬಂದರೆ ನಮಗೂ ಕಳಿಸಿ, ಓದುತ್ತೇವೆ. ಬಾರದಿದ್ದರೆ ಮುಂದಿನ ವಿಡಿಯೋಗೆ ಡೇಟಾ ಖರ್ಚು ಮಾಡಬೇಡಿ.